ಭದ್ರಾ ಅಚ್ಚುಕಟ್ಟಿನ ಮುಂದಿನ ಬರ

2023ರ ಮುಂಗಾರು ಕೈಕೊಟ್ಟಿತು. ಲಕ್ಕವಳ್ಳಿಯ ಭದ್ರಾ ಜಲಾಶಯ ಆ ವರ್ಷ ತುಂಬಲಿಲ್ಲ. ಮಳೆಗಾಲದ ಭತ್ತಕ್ಕೆ ನೂರು ದಿನ ನೀರು ಹರಿಸುತ್ತೇವೆ ಎಂದು ಮೊದಲು ಹೇಳಿದ್ದರು. ಆಮೇಲೆ ನಾಲೆಯನ್ನು ಕೆಲವು ದಿನ ತೆರೆದು ಕೆಲವು ದಿನ ನಿಲ್ಲಿಸುವ ಕ್ರಮ ಬಂತು. ದಾವಣಗೆರೆಯ ರೈತರು ರಸ್ತೆಗಿಳಿದರು, ಸೆಪ್ಟೆಂಬರ್‌ನಲ್ಲಿ ನಗರ ಬಂದ್ ಆಯಿತು. 2024ರ ಜನವರಿಯಲ್ಲಿ ನೀರಾವರಿ ಸಲಹಾ ಸಮಿತಿ ಬೇಸಿಗೆ ಹಂಗಾಮಿನ ಲೆಕ್ಕಕ್ಕೆ ಕೂತಾಗ ಡ್ಯಾಮಿನಲ್ಲಿ ಭತ್ತಕ್ಕೆ ಸಾಲುವಷ್ಟು ನೀರಿರಲಿಲ್ಲ. ನಿಂತ ಅಡಿಕೆ ತೋಟಗಳನ್ನು ಉಳಿಸಿಕೊಳ್ಳಲು ಸರದಿಯ ಮೇಲೆ ನೀರು ಬಿಟ್ಟರು. ಭತ್ತದ ಗದ್ದೆಗಳು ಬೀಳು ಬಿದ್ದವು.

ಆ ತೀರ್ಮಾನವನ್ನು ತಪ್ಪೆನ್ನಲಾರೆ. ಐದಾರು ವರ್ಷ ಸಾಕಿದ ಅಡಿಕೆ ಮರ ಒಂದು ಬೇಸಿಗೆಯಲ್ಲಿ ಸುಟ್ಟುಹೋದರೆ ಆ ಮನೆ ಮತ್ತೆ ಐದಾರು ವರ್ಷ ತಲೆಯೆತ್ತುವುದಿಲ್ಲ. ಭತ್ತ ಹಾಗಲ್ಲ. ಈ ಸಲ ನಾಟಿ ಇಲ್ಲ ಎಂದರೆ ಒಂದು ಹಂಗಾಮಿನ ಆದಾಯ ಹೋಯಿತು, ಮುಂದಿನ ಮಳೆಗೆ ಗದ್ದೆ ಮತ್ತೆ ಸಿದ್ಧ. ಸಮಿತಿ ಉಳಿಸಬೇಕಾದ್ದನ್ನು ಉಳಿಸಿತು. ಆದರೆ ಆ ತೀರ್ಮಾನ ಅಂದು ಸಾಧ್ಯವಾದದ್ದು ಅಚ್ಚುಕಟ್ಟಿನಲ್ಲಿ ಬಿಟ್ಟುಕೊಡಲು ಇನ್ನೂ ಸಾಕಷ್ಟು ಭತ್ತದ ಗದ್ದೆ ಇದ್ದುದರಿಂದ. ಆ ಗದ್ದೆಗಳು ವರ್ಷವರ್ಷವೂ ತೋಟವಾಗುತ್ತಿವೆ. ಬಿಟ್ಟುಕೊಡಬಹುದಾದ ಜಮೀನು ಕರಗಿದ ಮೇಲೆ ಬರುವ ಬರದಲ್ಲಿ ಸಮಿತಿಯ ಮುಂದೆ ಎರಡೇ ದಾರಿ ಉಳಿಯುತ್ತವೆ: ಮರಗಳನ್ನು ಒಣಗಲು ಬಿಡುವುದು, ಇಲ್ಲವೇ ದಾವಣಗೆರೆ ಮತ್ತು ಹರಿಹರದ ನಲ್ಲಿಗಳಿಗೆ ಇಟ್ಟ ನೀರಿಗೆ ಕೈಹಾಕುವುದು.

ಈ ನೆಲಕ್ಕೆ ಬೆಳೆ ಬದಲಾಯಿಸುವುದು ಹೊಸದೇನಲ್ಲ. ದಾವಣಗೆರೆ ಹತ್ತಿಯ ಊರು. ಸುತ್ತಲಿನ ಎರೆಭೂಮಿಯ ಹತ್ತಿಯನ್ನು ನಂಬಿ ಗಿರಣಿಗಳು ಎದ್ದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿದು ಬಲದಂಡೆ ನಾಲೆಯ ನೀರು ಇತ್ತ ಹರಿದ ಮೇಲೆ ಹತ್ತಿ ಹಿಂದೆ ಸರಿದು ಭತ್ತ ಮುಂದೆ ಬಂತು. ಜಲಾಶಯದ ಪೂರ್ಣಮಟ್ಟ 186 ಅಡಿ, ತುಂಬಿದಾಗ ಸುಮಾರು 71.5 ಟಿಎಂಸಿ ನೀರು. ಅಚ್ಚುಕಟ್ಟು ಸುಮಾರು 1.05 ಲಕ್ಷ ಹೆಕ್ಟೇರ್, ಅಂದರೆ 2.6 ಲಕ್ಷ ಎಕರೆ. ಅದರಲ್ಲಿ ದೊಡ್ಡ ಪಾಲು ದಾವಣಗೆರೆ ಜಿಲ್ಲೆಯದು. ಯಾವ ಭಾಗದಲ್ಲಿ ಭತ್ತ, ಎಲ್ಲಿ ಅರೆನೀರಾವರಿ ಬೆಳೆ, ಎಷ್ಟು ತೋಟ ಎಂದು ಯೋಜನೆ ಮಾಡಿದವರು ಕಾಗದದಲ್ಲಿ ಗುರುತಿಸಿದ್ದರು. ಆ ಕಾಗದವನ್ನು ಮೊದಲು ಮೀರಿದ್ದು ಭತ್ತ, ಈಗ ಅಡಿಕೆ.

ರೈತನನ್ನು ದೂರುವುದಕ್ಕೆ ಇಲ್ಲಿ ಜಾಗವಿಲ್ಲ. ಭತ್ತದ ನಾಟಿಗೆ, ಕಳೆಗೆ ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು, ಗೊಬ್ಬರ ಹಾಕಿ, ಕೊಯ್ಲು ಯಂತ್ರದ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಅಲ್ಪ. ಇತ್ತ ಚನ್ನಗಿರಿ ಮಾರುಕಟ್ಟೆಯಲ್ಲಿ 2021ರ ನಂತರ ರಾಶಿ ಅಡಿಕೆಯ ಧಾರಣೆ ಹಲವು ಸಲ ಕ್ವಿಂಟಲಿಗೆ 50 ಸಾವಿರ ರೂಪಾಯಿಯನ್ನು ದಾಟಿದೆ. ಮಗಳ ಮದುವೆ, ಮಗನ ಓದು ಎಂದು ಲೆಕ್ಕ ಹಾಕುವ ಮನೆಯೊಡೆಯ ಏನು ಮಾಡಬೇಕೋ ಅದನ್ನೇ ಮಾಡುತ್ತಿದ್ದಾನೆ. ರಾಜ್ಯದಲ್ಲಿ ಅಡಿಕೆಯ ವಿಸ್ತೀರ್ಣ ಕಳೆದೊಂದು ದಶಕದಲ್ಲಿ ದುಪ್ಪಟ್ಟನ್ನೂ ಮೀರಿದೆ. ಹಿಂದೆ ಹೆಚ್ಚಾಗಿ ಮಲೆನಾಡು, ಕರಾವಳಿಯಲ್ಲಿದ್ದ ಮರ ಈಗ ದಾವಣಗೆರೆಯ ಬಯಲಿನಲ್ಲಿ, ನಾಲೆ ನೀರು ಮತ್ತು ಕೊಳವೆಬಾವಿಗಳ ಬಲದ ಮೇಲೆ ನಿಂತಿದೆ.

ಒಬ್ಬೊಬ್ಬರೂ ಸರಿಯಾಗಿಯೇ ಯೋಚಿಸಿದರೂ ಎಲ್ಲರೂ ಸೇರಿ ಗಂಡಾಂತರದ ಕಡೆಗೆ ನಡೆಯುವುದು ಹೇಗೆ? ಐವತ್ತು ವರ್ಷಗಳ ಹಿಂದೆ ಇದನ್ನು ಲೆಕ್ಕದಲ್ಲಿ ಕಟ್ಟಿ ತೋರಿಸಿದ ಪುಸ್ತಕವೊಂದಿದೆ. 1972ರಲ್ಲಿ ಡೊನೆಲಾ ಮೆಡೋಸ್, ಡೆನ್ನಿಸ್ ಮೆಡೋಸ್, ಯೋರ್ಗನ್ ರಾಂಡರ್ಸ್, ವಿಲಿಯಂ ಬೆಹ್ರೆನ್ಸ್ ಬರೆದ ‘ದಿ ಲಿಮಿಟ್ಸ್ ಟು ಗ್ರೋತ್’. ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್ ಮಾದರಿಯೊಂದನ್ನು ಕಟ್ಟಿ, ಜನಸಂಖ್ಯೆ, ಆಹಾರ, ಕೈಗಾರಿಕೆ, ಮಾಲಿನ್ಯ, ನೆಲದೊಡಲ ಸಂಪತ್ತು ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂದು 2100ರವರೆಗೆ ಓಡಿಸಿ ನೋಡಿದರು. ಪ್ರಳಯದ ತಾರೀಖು ಹೇಳಿದ ಪುಸ್ತಕ ಎಂದು ಅದನ್ನು ಅನೇಕರು ತಳ್ಳಿಹಾಕಿದರು. ಅದರಲ್ಲಿ ಇದ್ದದ್ದು ಭವಿಷ್ಯವಾಣಿಯಲ್ಲ, ಹೀಗೆ ನಡೆದರೆ ಹೀಗಾಗುತ್ತದೆ ಎಂಬ ಹಲವು ಸಾಧ್ಯತೆಗಳು. 2008ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಟರ್ನರ್ ಮೂವತ್ತು ವರ್ಷಗಳ ನೈಜ ಅಂಕಿಅಂಶಗಳನ್ನು ಪಕ್ಕಕ್ಕಿಟ್ಟು ನೋಡಿದಾಗ, ಜಗತ್ತು ಏನನ್ನೂ ಬದಲಿಸದೆ ನಡೆದರೆ ಎಂಬ ಸಾಧ್ಯತೆಗೆ ವಾಸ್ತವ ಬಹಳ ಹತ್ತಿರವಿತ್ತು.

ನನ್ನ ಮಟ್ಟಿಗೆ ಆ ಪುಸ್ತಕದ ನಿಜವಾದ ಕೊಡುಗೆ ಜಾಗತಿಕ ರೇಖಾಚಿತ್ರಗಳಲ್ಲ, ಅದರ ಹಿಂದಿನ ಒಂದು ಕಾಣ್ಕೆ. ಯಾವ ಬೆಳವಣಿಗೆಯಾದರೂ ಮಿತಿ ಮೀರಿ ಮುಗ್ಗರಿಸಲು ಮೂರು ಸಂಗತಿ ಕೂಡಬೇಕು. ವೇಗವಾಗಿ ಏರುವ ಬೇಡಿಕೆ ಇರಬೇಕು, ಬಹುಕಾಲ ಮೀರಿ ನಿಲ್ಲಲಾಗದ ಮಿತಿಯೊಂದು ಇರಬೇಕು, ಮಿತಿ ಬಂತೆಂಬ ಸುದ್ದಿ ನಮಗೆ ತಲುಪುವುದು ತಡವಾಗಬೇಕು. ಮೂರನೆಯದೇ ಹೆಚ್ಚು ಅಪಾಯದ್ದು. ಭದ್ರಾ ಅಚ್ಚುಕಟ್ಟಿನಲ್ಲಿ ಈ ಮೂರೂ ಕೂಡಿವೆ. ಅಡಿಕೆ ಸಸಿ ನೆಡುವ ನಿರ್ಧಾರ ಒಳ್ಳೆಯ ಮಳೆಯ ವರ್ಷದಲ್ಲಿ, ಒಳ್ಳೆಯ ಧಾರಣೆಯ ವರ್ಷದಲ್ಲಿ ಆಗುತ್ತದೆ. ಫಸಲು ಐದಾರು ವರ್ಷದ ನಂತರ. ಮರದ ಆಯಸ್ಸು ನಾಲ್ಕು ದಶಕಕ್ಕೂ ಹೆಚ್ಚು. ಇಂದು ನೆಟ್ಟ ಸಸಿ 2060ರ ದಶಕದವರೆಗೂ ಪ್ರತಿ ಬೇಸಿಗೆ ಭದ್ರೆಯ ನೀರು ಕೇಳುತ್ತಲೇ ಇರುತ್ತದೆ. ಅದರ ಪಾಲಿನ ನೀರು ಇಲ್ಲವೆಂದು ತಿಳಿಯುವುದು ಮಾತ್ರ ಮಳೆ ತಪ್ಪಿದ ವರ್ಷದಲ್ಲಿ, ಮರ ಎತ್ತರಕ್ಕೆ ಬೆಳೆದ ಮೇಲೆ.

ಹರಿಹರಕ್ಕೆ ಇಂಥ ಪಾಠ ಒಮ್ಮೆ ಆಗಿದೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ರೇಯಾನ್ ತಿರುಳಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಹೊಳೆಯ ಮೀನು ಸತ್ತು ತೇಲಿದ್ದು, ಕೆಳದಡದ ಹಳ್ಳಿಗಳು ನೀರು ಮುಟ್ಟಲು ಹೆದರಿದ್ದು ಹಿರಿಯರಿಗೆ ನೆನಪಿದೆ. ಕಾರ್ಖಾನೆಯ ಹಸಿವು ಹೊಳೆಯಲ್ಲಿ ಮುಗಿಯಲಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ಅದರೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿತು. ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯದು 49. ನಾಲ್ಕು ಜಿಲ್ಲೆಗಳ 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು ಅದರ ಕೆಲಸ. ದನ ಮೇಯಿಸುವ, ಸೌದೆ ತರುವ, ಹುಲ್ಲು ಕೊಯ್ಯುವ ಜಾಗಗಳ ಮುಂದಿನ ಹಲವು ದಶಕಗಳನ್ನು ಒಂದು ಒಪ್ಪಂದ ಬರೆದುಬಿಟ್ಟಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳನ್ನು ಕೂಡಿಸಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಯಲ್ಲಿ ಹಣ್ಣು ಮತ್ತು ಮೇವಿನ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. 1990ರ ದಶಕದ ಆರಂಭದಲ್ಲಿ ಕಂಪನಿ ಮುಚ್ಚಿತು.

ಆ ಹೋರಾಟದ ಕಾರಂತರು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 1982ರಲ್ಲಿ ಹೊರತಂದ ದೇಶದ ಮೊದಲ ಪರಿಸರ ವರದಿಯನ್ನು ಕನ್ನಡಕ್ಕೆ ತಂದವರೂ ಹೌದು. ಕಾದಂಬರಿಕಾರರೊಬ್ಬರು ಎಂಬತ್ತರ ಹರೆಯದಲ್ಲಿ ಅಂಕಿಅಂಶಗಳ ದಪ್ಪ ಪುಸ್ತಕದೊಂದಿಗೆ ಕೂತದ್ದು ನನಗೆ ಇಂದಿಗೂ ದೊಡ್ಡ ಕೆಲಸವಾಗಿ ಕಾಣುತ್ತದೆ. ಅಂದು ಎದುರಿಗೆ ಒಂದು ಕಂಪನಿ ಇತ್ತು, ಒಂದು ಒಪ್ಪಂದ ಪತ್ರವಿತ್ತು. ಈಗ ಆ ಅನುಕೂಲವಿಲ್ಲ. ಇಂದಿನ ಒಪ್ಪಂದ ಸಾವಿರಾರು ಹೊಲಗಳಲ್ಲಿ ಚೂರುಚೂರಾಗಿ ಆಗುತ್ತಿದೆ, ಸಹಿ ಹಾಕುತ್ತಿರುವವರು ನಮ್ಮವರೇ.

ನೀರಿನ ಲೆಕ್ಕಕ್ಕೆ ಬರೋಣ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವ ಅಂತರದಲ್ಲಿ, ಅಂದರೆ 2.7 ಮೀಟರಿಗೊಂದರಂತೆ ನೆಟ್ಟರೆ, ಎಕರೆಗೆ ಸುಮಾರು 550 ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಬಯಲಿನ ಬಿಸಿಲಿಗೆ 20 ಲೀಟರ್ ಎಂದು ಹಿಡಿದರೆ ಎಕರೆಗೆ ದಿನಕ್ಕೆ 11 ಸಾವಿರ ಲೀಟರ್. ಫೆಬ್ರುವರಿಯಿಂದ ಮೇ ವರೆಗಿನ 120 ದಿನಕ್ಕೆ 13.2 ಲಕ್ಷ ಲೀಟರ್. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಒಂದು ಹನಿಯೂ ಸೋರದೆ ಬುಡಕ್ಕೇ ತಲುಪಿದರೆ ಒಂದು ಟಿಎಂಸಿಯಲ್ಲಿ 21 ಸಾವಿರ ಎಕರೆ ತೋಟ ಬೇಸಿಗೆ ದಾಟಬಹುದು. ನಾಲೆಯಲ್ಲಿ ಇಂಗುವುದು, ತೂಬಿನಲ್ಲಿ ಸೋರುವುದು, ಹನಿಯ ಬದಲು ಹಾಯಿಸುವುದು ಸೇರಿದರೆ ಈ ಎಕರೆಗಳು ಅರ್ಧಕ್ಕೂ ಕೆಳಗಿಳಿಯುತ್ತವೆ.

ಈಗ ನಗರ. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ. ಅದಾದ ಮೇಲೆ 2021ರ ಗಣತಿ ನಡೆಯಲಿಲ್ಲ. ಐದು ಲಕ್ಷ ಎಂದೇ ಇಟ್ಟುಕೊಂಡರೂ, ಒಳಚರಂಡಿ ಇರುವ ನಗರಗಳಿಗೆ ಹೇಳಿರುವ ತಲಾ 135 ಲೀಟರಿನಂತೆ ದಿನಕ್ಕೆ 6.75 ಕೋಟಿ ಲೀಟರ್. ಇಡೀ ವರ್ಷಕ್ಕೆ ಒಂದು ಟಿಎಂಸಿಗೂ ಕಡಿಮೆ. ಅತ್ಯಂತ ಮಿತವಾಗಿ ಬಳಸಿದರೂ ಹತ್ತೊಂಬತ್ತು ಸಾವಿರ ಎಕರೆ ತೋಟ ನಾಲ್ಕು ತಿಂಗಳಲ್ಲಿ ಕುಡಿಯುವ ನೀರು, ಒಂದು ಮಹಾನಗರ ಪಾಲಿಕೆ ವರ್ಷವಿಡೀ ಬಳಸುವ ನೀರಿಗೆ ಸಮ.

ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ಅಡಿಕೆಗೆ ಅನ್ಯಾಯವಾಗುತ್ತದೆ. ಒಂದು ಹಂಗಾಮಿನ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಕೊಡಬೇಕು ಎಂದು ಹಿಡಿದರೆ ಎಕರೆಗೆ 48 ಲಕ್ಷ ಲೀಟರ್. ಹನಿ ನೀರಾವರಿಯ ತೋಟಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಭತ್ತ ಬಿಟ್ಟು ಅಡಿಕೆ ಹಾಕಿದರೆ ನೀರು ಉಳಿಯುತ್ತದೆ ಎಂದು ತೋಟದವರು ವಾದಿಸುತ್ತಾರೆ. ತುಂಬಿದ ಡ್ಯಾಮಿನ ವರ್ಷದಲ್ಲಿ ಅವರ ಮಾತು ನಿಜ. ಅಪಾಯ ಇರುವುದು ನೀರಿನ ಒಟ್ಟು ಪ್ರಮಾಣದಲ್ಲಲ್ಲ, ಅದು ಎಷ್ಟು ಬಗ್ಗದ ಬೇಡಿಕೆ ಎಂಬುದರಲ್ಲಿ. ಹಬ್ಬಕ್ಕೆ ಜೋರಾಗಿ ಖರ್ಚು ಮಾಡಿ, ಕೈಯಲ್ಲಿ ಇಲ್ಲದ ವರ್ಷ ಸುಮ್ಮನಿರುವ ಮನೆ ಒಂದು. ಖರ್ಚು ಕಡಿಮೆಯೇ ಇದ್ದರೂ ಪ್ರತಿ ತಿಂಗಳೂ ತಪ್ಪದೆ ಬ್ಯಾಂಕಿನ ಕಂತು ಕಟ್ಟಬೇಕಾದ ಮನೆ ಇನ್ನೊಂದು. ಸಂಬಳ ನಿಂತ ತಿಂಗಳು ಬೀದಿಗೆ ಬರುವುದು ಎರಡನೆಯ ಮನೆ. ಭತ್ತದ ಅಚ್ಚುಕಟ್ಟು ಬರಗಾಲದಲ್ಲಿ ತನ್ನ ಬೇಡಿಕೆಯನ್ನು ಸೊನ್ನೆಗೆ ಇಳಿಸಬಲ್ಲದು. ತೋಟದ ಅಚ್ಚುಕಟ್ಟು ಇಳಿಸಲಾರದು. ಮಳೆ ಎಷ್ಟು ಕಡಿಮೆಯೋ, ಬಿಸಿಲು ಎಷ್ಟು ಹೆಚ್ಚೋ, ಮರ ಅಷ್ಟು ಹೆಚ್ಚು ನೀರು ಕೇಳುತ್ತದೆ.

ಇದರ ರುಚಿ ಈಗಾಗಲೇ ಸಿಕ್ಕಿದೆ. 2015, 2016ರಲ್ಲಿ ಎರಡು ವರ್ಷ ಸಾಲಾಗಿ ಮಳೆ ತಪ್ಪಿದಾಗ ಚನ್ನಗಿರಿ ಸೀಮೆಯ ತೋಟಗಳಿಗೆ ಟ್ಯಾಂಕರುಗಳಲ್ಲಿ ನೀರು ಹೊತ್ತರು. ಸಾವಿರ ಅಡಿಯವರೆಗೂ ಕೊಳವೆಬಾವಿ ಕೊರೆಸಿ, ಬರೀ ದೂಳು ಬಂದಾಗ ಇನ್ನೊಂದು ಜಾಗದಲ್ಲಿ ಕೊರೆಸಿದರು. 2024ರ ಬೇಸಿಗೆಯಲ್ಲಿ ಮತ್ತೆ ಟ್ಯಾಂಕರುಗಳು ರಸ್ತೆಗೆ ಬಂದವು. ಮೊದಲ ಸಲಕ್ಕಿಂತ ಎರಡನೆಯ ಸಲ ಉಳಿಸಿಕೊಳ್ಳಬೇಕಾದ ತೋಟ ಹೆಚ್ಚಿತ್ತು. ಮುಂದಿನ ಸಲ ಇನ್ನೂ ಹೆಚ್ಚಿರುತ್ತದೆ.

ಮುಂದಿನ ಸಲ ಬಂದೇ ಬರುತ್ತದೆ ಎನ್ನಲು ಆಧಾರವಿದೆ. ಭದ್ರೆ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಹವಾಮಾನ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ. ಇಳಿಕೆ ಎದ್ದು ಕಾಣುವುದು ಎರಡು ಕಡೆ: ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟ. ಮಳೆಗಾಲದ ನಡುವೆಯೇ ಒಣಗುವ ದಿನಗಳ ಸಾಲು, ಹಿಂದಿನ ಮೂವತ್ತು ವರ್ಷಕ್ಕೆ ಹೋಲಿಸಿದರೆ, 1981ರಿಂದ 2011ರ ಅವಧಿಯಲ್ಲಿ ಶೇ 27ರಷ್ಟು ಹೆಚ್ಚಾಗಿದೆ. ಬಿಸಿಯೇರಿದ ಜಗತ್ತಿನಲ್ಲಿ ಮುಂಗಾರಿನ ಒಟ್ಟು ಮಳೆ ಮುಂದೆ ಹೆಚ್ಚಬಹುದು, ಆದರೆ ವರ್ಷದಿಂದ ವರ್ಷಕ್ಕೆ ಅದರ ಏರುಪೇರೂ ಹೆಚ್ಚುತ್ತದೆ ಎಂದು 2021ರ ಐಪಿಸಿಸಿ ವರದಿ ಹೇಳುತ್ತದೆ. ಏರುಪೇರಿನ ಮಳೆಗೆ ಬಗ್ಗುವ ಬೆಳೆ ಬೇಕಾದ ಕಾಲದಲ್ಲೇ ನಾವು ಬಗ್ಗದ ಬೆಳೆಯನ್ನು ಹರಡುತ್ತಿದ್ದೇವೆ.

ಇದೇ ಜಲಾಶಯದ ಮೇಲೆ ಹೊಸ ಹಕ್ಕುಗಳೂ ಬರುತ್ತಿವೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ತಂದು, ಭದ್ರೆಯಿಂದ 29.9 ಟಿಎಂಸಿಯನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಹಾಗೂ ನಮ್ಮದೇ ಜಗಳೂರಿಗೆ ಒಯ್ಯಬೇಕು. ತಲೆಮಾರುಗಳಿಂದ ಒಣಗಿದ ಜಗಳೂರಿಗೆ ನೀರು ಬೇಡವೆನ್ನುವ ಬಾಯಿ ಯಾರಿಗೂ ಇರಬಾರದು. ಆದರೆ ಹಳೆಯ ಅಚ್ಚುಕಟ್ಟು, ಹೊಸ ಯೋಜನೆ ಎರಡೂ ನಂಬಿರುವುದು ಒಂದೇ ಘಟ್ಟದ ಮಳೆಯನ್ನು ಎಂಬುದೂ ಸತ್ಯ. 2025ರ ಜೂನ್‌ನಲ್ಲಿ ಬಲದಂಡೆ ನಾಲೆಯಿಂದ ಬೇರೆ ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆಯಲ್ಲಿ ಎದ್ದ ಪ್ರತಿಭಟನೆ ಮುಂದಿನ ದಿನಗಳ ಸೂಚನೆ. ಕುಡಿಯುವ ನೀರಿನ ಪೈಪಿಗೂ ರೈತ ಹೆದರುವ ಸ್ಥಿತಿ ಬಂದಿದೆ. ಕೊನೆಭಾಗದವರಿಗೆ ಈ ಭಯ ಹೊಸದಲ್ಲ. ಮೇಲ್ಭಾಗದಲ್ಲಿ ನಾಲೆಗೇ ಪಂಪ್‌ಸೆಟ್ ಇಳಿಸಿದರೆ, ಮಲೇಬೆನ್ನೂರಿನಿಂದ ಕೆಳಗೆ ಹರಿಹರ ತಾಲ್ಲೂಕಿನ ಹೊಲಗಳಿಗೆ ಗೇಟು ತೆರೆದಾಗಲೂ ನೀರು ಬರುವುದಿಲ್ಲ.

ನಗರಕ್ಕೂ ಇದೇ ನೀರು. ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬುವುದು ಭದ್ರಾ ನಾಲೆಯಿಂದ. ಉಳಿದದ್ದು ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು. ಬೇಸಿಗೆಯಲ್ಲಿ ಆ ಹೊಳೆಯ ಹರಿವು ಬತ್ತಿದಾಗ ಕುಡಿಯುವ ನೀರಿಗೆಂದು ಭದ್ರಾ ಡ್ಯಾಮಿನಿಂದಲೇ ಹೊಳೆಗೆ ಬಿಡಬೇಕಾಗುತ್ತದೆ. ಕೆರೆ, ಹೊಳೆ ಎಂದು ಎರಡು ಮೂಲ ಕಂಡರೂ ಬರಗಾಲದಲ್ಲಿ ಎರಡರ ಬುಡ ಒಂದೇ. ಹೊಳೆಯಲ್ಲಿ ಹರಿವು ಇಳಿದಷ್ಟೂ ಅದಕ್ಕೆ ಸೇರುವ ಕೊಳಚೆ ಗಟ್ಟಿಯಾಗುತ್ತದೆ. ಹರಿಹರದಿಂದ ಕೊರ್ಲಹಳ್ಳಿವರೆಗಿನ ತುಂಗಭದ್ರೆಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿ ಸೇರಿಸಿದೆ. ಅಷ್ಟೇ ಕೊಳಚೆ, ಅರ್ಧ ನೀರು ಎಂದಾದ ಬೇಸಿಗೆಯಲ್ಲಿ ಶುದ್ಧೀಕರಣ ಘಟಕದ ಮೇಲೆ ಬೀಳುವ ಹೊರೆಯನ್ನೂ, ಬೋರಿನ ನೀರನ್ನೇ ಕುಡಿಯಬೇಕಾದ ಕೇರಿಗಳನ್ನೂ ಊಹಿಸಿಕೊಳ್ಳಿ. ಬಾಟಲಿ ನೀರು ಕೊಳ್ಳುವವರು ಹೇಗೋ ದಾಟುತ್ತಾರೆ.

ಅಡಿಕೆಯ ಮಾರುಕಟ್ಟೆಯೂ ಶಾಶ್ವತವಲ್ಲ. ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಪ್ರಕಟಿಸಿದೆ. ಆ ಚರ್ಚೆ ಬೇರೆ. ಆದರೆ ಒಂದು ಕಾನೂನು, ಒಂದು ಆಮದು ನೀತಿ ಧಾರಣೆಯನ್ನು ಕೆಡವಬಲ್ಲ ಬೆಳೆಗೆ ಒಂದು ಜಿಲ್ಲೆಯ ನಾಲ್ಕು ದಶಕದ ನೀರನ್ನು ಕಟ್ಟಿಹಾಕುವುದು ಸರಿಯೇ ಎಂದು ತೋಟದವರೇ ಕೇಳಿಕೊಳ್ಳಬೇಕು.

ಹಾಗಾದರೆ ಅಡಿಕೆ ನಿಷೇಧಿಸಬೇಕೆ? ಬೇಡ. ಅದು ಆಗುವುದೂ ಇಲ್ಲ. ನಿಷೇಧವಲ್ಲದ ದಾರಿಯನ್ನು ಹುಡುಕಿದವರು ಎಲಿನರ್ ಆಸ್ಟ್ರಮ್. 1990ರ ‘ಗವರ್ನಿಂಗ್ ದಿ ಕಾಮನ್ಸ್’ ಪುಸ್ತಕದಲ್ಲಿ ಅವರು ಕೇಳಿದ್ದು ಈ ಪ್ರಶ್ನೆ: ಎಲ್ಲರಿಗೂ ಸೇರಿದ ನೀರು, ಕಾಡು, ಮೀನು ಹಾಳಾಗದಂತೆ ಜನ ಎಲ್ಲಿ, ಹೇಗೆ ಕಾಯ್ದುಕೊಂಡಿದ್ದಾರೆ? ನೇಪಾಳದಲ್ಲಿ ರೈತರೇ ನಡೆಸುವ ಕಾಲುವೆಗಳು ಸರ್ಕಾರ ನಡೆಸುವ ಕಾಲುವೆಗಳಿಗಿಂತ ಚೆನ್ನಾಗಿ ಕೊನೆಭಾಗ ತಲುಪುವುದನ್ನು ಅವರ ಅಧ್ಯಯನಗಳು ತೋರಿಸಿದವು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡ ಪಾಠ ಇಷ್ಟು: ಯಾರು ಎಷ್ಟು ಬಳಸುತ್ತಿದ್ದಾರೆಂದು ಬಳಸುವವರಿಗೆಲ್ಲ ಕಾಣಬೇಕು, ನಿಯಮವನ್ನು ಅವರೇ ಮಾಡಿರಬೇಕು, ಮುರಿದವನನ್ನು ತಡೆಯುವ ಅಧಿಕಾರ ಹತ್ತಿರದಲ್ಲಿರಬೇಕು. ನಮ್ಮ ಕೆರೆಗಳ ನೀರು ಹಂಚುತ್ತಿದ್ದ ನೀರುಗಂಟಿಗಳು ಇದನ್ನು ಪುಸ್ತಕವಿಲ್ಲದೆ ನಡೆಸಿದ್ದರು. ಕೆರೆಯಲ್ಲಿ ಇಷ್ಟೇ ನೀರಿದೆ, ಇಷ್ಟೇ ಗದ್ದೆಗೆ ಎಂದು ಹಂಗಾಮಿಗೆ ಮುಂಚೆ ಊರು ಕೂಡಿ ತೀರ್ಮಾನಿಸುತ್ತಿತ್ತು. ಭದ್ರಾದಲ್ಲಿ ನಾವು ಬೆಳೆ ಹಾಕಿದ ಮೇಲೆ ನೀರಿಗೆ ಜಗಳವಾಡುತ್ತಿದ್ದೇವೆ.

ಮೊದಲು ಆಗಬೇಕಾದ್ದು, ಪ್ರತಿ ಉಪನಾಲೆಯ ಕೆಳಗೆ ತೋಟ ಎಷ್ಟು, ಗದ್ದೆ ಎಷ್ಟು ಎಂಬ ಲೆಕ್ಕ ಸಲಹಾ ಸಮಿತಿಯ ಸಭೆಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರುವುದು. ಅದರ ಪಕ್ಕದಲ್ಲೇ, ಜನವರಿಯಲ್ಲಿ ಡ್ಯಾಮಿನ ಮಟ್ಟ ಇಷ್ಟು ಅಡಿಗಿಂತ ಕೆಳಗಿದ್ದರೆ ನಗರಗಳ ನೀರು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಎಷ್ಟು ಎಕರೆ ತೋಟ ದಾಟಬಹುದು ಎಂಬ ಅಂಕಿ ಇರಬೇಕು. ಆ ಅಂಕಿಯನ್ನು ಈಗಿರುವ ತೋಟ ಮೀರಿದ ಉಪನಾಲೆಯಲ್ಲಿ ಹೊಸದಾಗಿ ಸಸಿ ನೆಡುವವರಿಗೆ, ಬರದ ವರ್ಷ ನಿಮಗೆ ನಾಲೆ ನೀರಿಲ್ಲ ಎಂದು ಈಗಲೇ ಹೇಳಬೇಕು. ಮರ ಎದ್ದ ಮೇಲೆ ಹೇಳಿದರೆ ಅದು ಮೋಸ. ಭತ್ತ ಉಳಿಸಿಕೊಂಡ ಕೊನೆಭಾಗದ ರೈತನಿಗೆ, ಬರಗಾಲದಲ್ಲಿ ಗದ್ದೆ ಬೀಳುಬಿಟ್ಟು ನೀರು ಬಿಟ್ಟುಕೊಟ್ಟ ವರ್ಷ ಎಕರೆಗೆ ಇಷ್ಟು ಎಂದು ಪರಿಹಾರ ಸಿಗಬೇಕು. ತೋಟಗಳು ಬದುಕಿದ್ದು ಅವನ ಗದ್ದೆ ಒಣಗಿದ್ದಕ್ಕೆ, ಆ ತ್ಯಾಗಕ್ಕೆ ಬೆಲೆ ಕಟ್ಟದಿದ್ದರೆ ಅವನೂ ಸಸಿ ತರುತ್ತಾನೆ. ದಾವಣಗೆರೆ, ಹರಿಹರ ತಮ್ಮ ಕೊಳಚೆ ನೀರನ್ನು ಪೂರ್ತಿ ಶುದ್ಧೀಕರಿಸಿ ಕಾರ್ಖಾನೆಗಳಿಗೆ, ಉದ್ಯಾನಗಳಿಗೆ ಕೊಟ್ಟರೆ ರೈತರ ಮುಂದೆ ನೀರಿನ ಹಕ್ಕು ಕೇಳಲು ನಗರಕ್ಕೂ ಮುಖ ಇರುತ್ತದೆ.

ಇದಕ್ಕೆ ಬೇಕಾದ ಮಾಹಿತಿಗಾಗಿ ಹೊಸ ಆಯೋಗ ಬೇಕಾಗಿಲ್ಲ. ಕಂದಾಯ ಇಲಾಖೆಯ ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರುವಾರು ಬೆಳೆ ದಾಖಲಾಗುತ್ತದೆ. ಉಪಗ್ರಹ ಚಿತ್ರದಲ್ಲಿ ಮಾರ್ಚ್ ತಿಂಗಳ ಹಸಿರು ಯಾವುದು ತೋಟ, ಯಾವುದು ಗದ್ದೆ ಎಂದು ಗುರುತಿಸಬಹುದು. ಯಾವ ತೂಬಿನಿಂದ ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಹೋಗುತ್ತದೆ ಎಂಬುದು ನಾಲೆ ಕಾಯುವ ಸೌಡಿಗೆ ಬಾಯಿಪಾಠ. ಈ ಮೂರನ್ನೂ ಒಂದೇ ಮೇಜಿನ ಮೇಲೆ ತರುವ ಕೆಲಸ ಜಿಲ್ಲಾಡಳಿತದ್ದು. ಮುಂದಿನ ಜೂನ್‌ನಲ್ಲಿ ಸಸಿ ನೆಡುವ ಮೊದಲು ಅದು ಆಗಬೇಕು.